ಹಳೆಯ ಗಣಕಯಂತ್ರ: ವೇಗ ಹೆಚ್ಚಿಸುವುದೋ, ಭಾಗ ಬದಲಿಸುವುದೋ?

ಗಣಕಯಂತ್ರವು ಇಂದು ಕಚೇರಿ, ಶಾಲೆಗಳನ್ನು ದಾಟಿ ಸಾಮಾನ್ಯ ಗೃಹಸ್ಥನ ಮನೆಯನ್ನೂ ಪ್ರವೇಶಿಸಿದೆ. ಹಗಲು ಪಾಠಕ್ಕೂ ಲೆಕ್ಕಕ್ಕೂ ಒದಗುವ ಯಂತ್ರವೇ ಸಂಜೆ ಮಕ್ಕಳ ಆಟದ ಅಂಗಳವಾಗುತ್ತದೆ. ಗಣಕದ ಆಟಗಳನ್ನು ಹಿರಿಯರು ಮೆಚ್ಚಲಿ, ಬಿಡಲಿ, ಮನೆಯ ಯಂತ್ರದಿಂದ ಅತಿ ಹೆಚ್ಚಿನ ದುಡಿಮೆಯನ್ನು ಬೇಡುವ ಕೆಲಸಗಳಲ್ಲಿ ಆಟವೂ ಒಂದೆಂಬುದು ನಿರ್ವಿವಾದ. ಪತ್ರ ಬರೆಯಲು ಸಾಕಾಗುವ ಯಂತ್ರವು ಹೊಸ ಆಟವೊಂದರ ಮುಂದೆ ಏದುಸಿರು ಬಿಡುತ್ತದೆ. ಆಗ ಮಕ್ಕಳು ತಂದೆತಾಯಿಯರ ಮುಂದೆ ಎರಡು ದಾರಿಗಳನ್ನಿಡುತ್ತಾರೆ. ಒಂದು, ಇರುವ ಯಂತ್ರವನ್ನೇ ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಇದಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. ಇನ್ನೊಂದು, ಹಣ ತೆತ್ತು ಭಾಗಗಳನ್ನು ಬದಲಿಸುವುದು. ಮೊದಲನೆಯದು ಖರ್ಚಿಲ್ಲದ್ದೆಂದೂ ಎರಡನೆಯದು ದುಬಾರಿಯೆಂದೂ ಮೇಲುನೋಟಕ್ಕೆ ತೋರುತ್ತದೆ. ಮಿತವಾದ ವರಮಾನದ ಕುಟುಂಬಕ್ಕೆ ಈ ಆಯ್ಕೆ ಸಣ್ಣದಲ್ಲವಾದ್ದರಿಂದ, ಆ ತೋರಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದು ಅಗತ್ಯ.

ಗಡಿಯಾರದ ಮಿಡಿತ

ಗಣಕದ ಮಿದುಳೆನಿಸಿದ ಪ್ರೊಸೆಸರ್ ತನ್ನ ಪ್ರತಿಯೊಂದು ಹೆಜ್ಜೆಯನ್ನೂ ಒಂದು ಗಡಿಯಾರದ ಮಿಡಿತಕ್ಕೆ ಹೊಂದಿಸಿ ಇಡುತ್ತದೆ. ಈಗಿನ ಯಂತ್ರಗಳಲ್ಲಿ ಮೂಲ ಗಡಿಯಾರವು ಸಾಮಾನ್ಯವಾಗಿ ಸೆಕೆಂಡಿಗೆ 10 ಕೋಟಿ ಸಲ, ಅಂದರೆ 100 ಮೆಗಾಹರ್ಟ್ಸ್ ವೇಗದಲ್ಲಿ ಮಿಡಿಯುತ್ತದೆ. ಅದನ್ನು 36 ಎಂಬ ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ 3.6 ಗಿಗಾಹರ್ಟ್ಸ್ ಆಗುತ್ತದೆ. ಗುಣಕವನ್ನು 40ಕ್ಕೆ ಏರಿಸಿದರೆ 4 ಗಿಗಾಹರ್ಟ್ಸ್ ಆಗುತ್ತದೆ. ಓವರ್‌ಕ್ಲಾಕಿಂಗ್ ಎಂಬುದರ ತಿರುಳು ಇಷ್ಟೇ.

ಈ ಉಪಾಯಕ್ಕೆ ಒಂದು ವೈಭವದ ಕಾಲವಿತ್ತು. 1998ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆಯು ‘ಸೆಲೆರಾನ್ 300ಎ’ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರ ಗೊತ್ತುಪಡಿಸಿದ ವೇಗ 300 ಮೆಗಾಹರ್ಟ್ಸ್. ಮೂಲ ಗಡಿಯಾರವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದೊಡನೆ ಅಂಥ ಅನೇಕ ಪ್ರೊಸೆಸರುಗಳು 450 ಮೆಗಾಹರ್ಟ್ಸ್ ವೇಗದಲ್ಲಿ ತೊಡಕಿಲ್ಲದೆ ದುಡಿದವು. ಅದೇ ತಿಂಗಳಲ್ಲಿ ಬಂದ ದುಬಾರಿ ಪೆಂಟಿಯಂ 2ರ ವೇಗವೂ ಅಷ್ಟೇ ಆಗಿತ್ತು. ಹೆಚ್ಚಿನ ವೇಗಕ್ಕೆ ಸಮರ್ಥವಾದ ಚಿಪ್ಪನ್ನು ಕಡಿಮೆ ವೇಗದ ಹೆಸರಿನಲ್ಲಿ ಮಾರಿದುದರಿಂದ ಅದು ಸಾಧ್ಯವಾಯಿತು.

ಇಂದು ಪರಿಸ್ಥಿತಿ ಬೇರೆಯಾಗಿದೆ. 2008ರಿಂದೀಚೆಗೆ ಪ್ರೊಸೆಸರುಗಳು ತಮ್ಮ ಉಷ್ಣತೆಯನ್ನೂ ವಿದ್ಯುತ್ತನ್ನೂ ತಾವೇ ಅಳೆದು, ಅವಕಾಶವಿದ್ದಾಗ ತಾವಾಗಿಯೇ ವೇಗವನ್ನು ಏರಿಸಿಕೊಳ್ಳುವ ‘ಟರ್ಬೋ’ ವ್ಯವಸ್ಥೆ ಬೆಳೆದುಬಂದಿದೆ. ಗ್ರಾಹಕನಿಗೆ ಹಿಂದೆ ಉಳಿಯುತ್ತಿದ್ದ ಹೆಚ್ಚುವರಿ ಶಕ್ತಿಯ ಬಹುಭಾಗವನ್ನು ತಯಾರಕರೇ ಬಳಸಿ ಮುಗಿಸಿರುತ್ತಾರೆ. ಮೇಲಾಗಿ ಇಂಟೆಲ್ ಸಂಸ್ಥೆಯು 2011ರಿಂದ ಈ ಸೌಲಭ್ಯವನ್ನು ಮುಖ್ಯವಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಪ್ರೊಸೆಸರುಗಳಿಗೆ ಸೀಮಿತಗೊಳಿಸಿತು. ಎಎಂಡಿ ಸಂಸ್ಥೆಯು 2017ರಿಂದ ತಂದ ರೈಜೆನ್ ಪ್ರೊಸೆಸರುಗಳಲ್ಲಿ ಬಹುತೇಕ ಎಲ್ಲಕ್ಕೂ ಅದು ಉಂಟು. ಆದರೆ ಎ320ರಂಥ ಅತಿ ಅಗ್ಗದ ಮದರ್‌ಬೋರ್ಡುಗಳಲ್ಲಿ ಇಲ್ಲ. ಕಡಿಮೆ ಬೆಲೆಯ ಯಂತ್ರ ಕೊಂಡವನಿಗೆ ಅನೇಕ ವೇಳೆ ಈ ದಾರಿಯೇ ಮುಚ್ಚಿರುತ್ತದೆ.

ಉಷ್ಣದ ಲೆಕ್ಕ

ದಾರಿ ತೆರೆದಿದ್ದರೂ ಅದು ಪುಕ್ಕಟೆಯಲ್ಲ. ಪ್ರೊಸೆಸರ್ ದುಡಿಯುವಾಗ ಬಳಸುವ ವಿದ್ಯುತ್ತು ವೇಗಕ್ಕೆ ಅನುಪಾತವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ. 3.6 ಗಿಗಾಹರ್ಟ್ಸ್‌ನಿಂದ 4ಕ್ಕೆ ಏರಿಸಲು ವೋಲ್ಟೇಜನ್ನು 1.2ರಿಂದ 1.35ಕ್ಕೆ ಹೆಚ್ಚಿಸಬೇಕಾಯಿತೆಂದು ಭಾವಿಸೋಣ. ವೇಗದಲ್ಲಿ ಆದ ಲಾಭ ಶೇಕಡಾ 11. ವಿದ್ಯುತ್ತಿನಲ್ಲಿಯೂ ಉಷ್ಣದಲ್ಲಿಯೂ ಆದ ಏರಿಕೆ ಸುಮಾರು ಶೇಕಡಾ 40. ಈ ಉಷ್ಣವನ್ನು ಹೊರಹಾಕಲು ದೊಡ್ಡ ಕೂಲರ್ ಬೇಕು. ಹೊರೆ ತಾಳಬಲ್ಲ ಮದರ್‌ಬೋರ್ಡ್ ಬೇಕು. ಇವೆರಡರ ಬೆಲೆಯನ್ನು ಕೂಡಿಸಿದರೆ ಖರ್ಚಿಲ್ಲದ ದಾರಿಯೆಂಬ ಮಾತು ನಿಲ್ಲುವುದಿಲ್ಲ.

ಗಾಳಿಯಿಂದ ತಂಪುಗೊಳಿಸುವ ಕೂಲರ್ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. ಅದು ಪ್ರೊಸೆಸರನ್ನು ಕೋಣೆಗಿಂತ 45 ಡಿಗ್ರಿ ಮೇಲಿನ ಮಟ್ಟದಲ್ಲಿ ಹಿಡಿದಿಡುವುದಾದರೆ, 25 ಡಿಗ್ರಿಯ ಕೋಣೆಯಲ್ಲಿ 70 ಇರುವ ಉಷ್ಣತೆ 40 ಡಿಗ್ರಿಯ ಕೋಣೆಯಲ್ಲಿ 85 ಆಗುತ್ತದೆ. ತಂಪು ದೇಶದವರು ಕೊಟ್ಟ ಸಲಹೆ ರಾಯಚೂರು, ಕಲಬುರಗಿಗಳ ಬೇಸಿಗೆಗೆ ಹಾಗೆಯೇ ಒಪ್ಪುವುದಿಲ್ಲ. ಅತಿಯಾಗಿ ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಪಟ್ಟ ಶ್ರಮವೂ ವ್ಯರ್ಥವಾಗುತ್ತದೆ.

ಇದಕ್ಕಿಂತ ಗಂಭೀರವಾದುದು ಅಸ್ಥಿರತೆ. ಮಿತಿಮೀರಿ ಓಡುವ ಯಂತ್ರವು ಥಟ್ಟನೆ ನಿಂತುಹೋದರೆ ದೋಷವು ಕಣ್ಣಿಗೆ ಕಾಣುತ್ತದೆ. ನಿಲ್ಲದೆ, ಲೆಕ್ಕವನ್ನು ಮಾತ್ರ ತಪ್ಪಿದರೆ ಕಡತಗಳು ಸದ್ದಿಲ್ಲದೆ ಕೆಡಬಹುದು. ಆಟದಲ್ಲಿ ಅದರಿಂದ ಆಗುವ ನಷ್ಟ ಅಲ್ಪ. ಅದೇ ಯಂತ್ರದಲ್ಲಿ ವಿದ್ಯಾರ್ಥಿಯ ವರ್ಷದ ಬರವಣಿಗೆಯೋ ತಂದೆಯ ವ್ಯಾಪಾರದ ಲೆಕ್ಕವೋ ಇದ್ದರೆ ನಷ್ಟ ಅಲ್ಪವಲ್ಲ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ತಯಾರಕರ ವಾರಂಟಿಯೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ತೊಡಕು ಎಲ್ಲಿದೆ?

ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯುವುದಕ್ಕೂ ಮೊದಲು, ಯಂತ್ರವನ್ನು ತಡೆಯುತ್ತಿರುವ ಭಾಗ ಯಾವುದೆಂದು ತಿಳಿಯಬೇಕು. ಆಟದ ಪ್ರತಿಯೊಂದು ಚಿತ್ರವೂ ಎರಡು ಕೈಗಳನ್ನು ದಾಟಿ ಬರುತ್ತದೆ: ಪ್ರೊಸೆಸರ್ ಆಟದ ನಡೆಯನ್ನು ಲೆಕ್ಕಹಾಕುತ್ತದೆ, ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನು ಬಿಡಿಸುತ್ತದೆ. ಒಂದು ಚಿತ್ರಕ್ಕೆ ಪ್ರೊಸೆಸರ್ 10 ಮಿಲಿಸೆಕೆಂಡುಗಳನ್ನೂ ಗ್ರಾಫಿಕ್ಸ್ ಕಾರ್ಡ್ 25 ಮಿಲಿಸೆಕೆಂಡುಗಳನ್ನೂ ತೆಗೆದುಕೊಂಡರೆ ಪರದೆಯ ಮೇಲೆ ಸೆಕೆಂಡಿಗೆ 40 ಚಿತ್ರಗಳು ಮಾತ್ರ ಮೂಡುತ್ತವೆ. ಇಲ್ಲಿ ಪ್ರೊಸೆಸರಿನ ವೇಗವನ್ನು ಎಷ್ಟೇ ಹೆಚ್ಚಿಸಿದರೂ ಆ 40 ಬದಲಾಗುವುದಿಲ್ಲ. 12.5 ಮಿಲಿಸೆಕೆಂಡುಗಳಲ್ಲಿ ಮುಗಿಸುವ ಗ್ರಾಫಿಕ್ಸ್ ಕಾರ್ಡನ್ನು ಹಾಕಿದರೆ ಅದು 80 ಆಗುತ್ತದೆ. ಜೋಡಿ ಎತ್ತುಗಳಲ್ಲಿ ನಿಧಾನದ ಎತ್ತೇ ಗಾಡಿಯ ವೇಗವನ್ನು ನಿರ್ಧರಿಸುತ್ತದೆ.

ಇದನ್ನು ಕಂಡುಕೊಳ್ಳಲು ಹಣ ಬೇಕಿಲ್ಲ. ಆಟದ ಚಿತ್ರದಲ್ಲಿನ ಬಿಂದುಗಳ ಸಂಖ್ಯೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಬಹಳ ತಗ್ಗುತ್ತದೆ. ಆಗ ಆಟವು ಚುರುಕಾದರೆ ತೊಡಕು ಗ್ರಾಫಿಕ್ಸ್ ಕಾರ್ಡಿನಲ್ಲಿದೆ. ಬದಲಾವಣೆಯೇ ಕಾಣದಿದ್ದರೆ ಪ್ರೊಸೆಸರಿನಲ್ಲಿಯೋ ರ‍್ಯಾಮಿನಲ್ಲಿಯೋ ಇದೆ.

ಖರ್ಚಿನ ಕ್ರಮ

ತೊಡಕನ್ನು ಅರಿತ ಮೇಲೂ ಖರ್ಚಿಲ್ಲದ ಕೆಲಸಗಳೇ ಮೊದಲಾಗಬೇಕು. ಫ್ಯಾನಿನ ಧೂಳನ್ನು ತೆಗೆಯುವುದು, ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸುವುದು, ಹಿನ್ನೆಲೆಯಲ್ಲಿ ಸುಮ್ಮನೆ ಓಡುವ ತಂತ್ರಾಂಶಗಳನ್ನು ನಿಲ್ಲಿಸುವುದು, ಇಷ್ಟರಿಂದಲೇ ಕಳೆದುಹೋದ ವೇಗ ಎಷ್ಟೋ ಸಲ ಮರಳಿ ಬರುತ್ತದೆ.

ಅನಂತರದ್ದು ರ‍್ಯಾಮ್. ಒಂದೇ ಪಟ್ಟಿಯಿರುವಲ್ಲಿ ಅಂಥದೇ ಎರಡನೆಯದನ್ನು ಸೇರಿಸಿದರೆ ಸ್ಥಳ ಇಮ್ಮಡಿಯಾಗುವುದರ ಜೊತೆಗೆ ಮಾಹಿತಿ ಹರಿಯುವ ಕಾಲುವೆಯೂ ಎರಡಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ ಇದರ ಪ್ರಯೋಜನ ವಿಶೇಷ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಯಂತ್ರವೂ ಆಟವೂ ಬೇಗ ತೆರೆದುಕೊಳ್ಳುತ್ತವೆ. ಆದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಅದರಿಂದ ಹೆಚ್ಚೇನೂ ಏರದು. ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳುವಾಗ ಯಂತ್ರದ ಪವರ್ ಸಪ್ಲೈ ಅದನ್ನು ಹೊರಬಲ್ಲುದೇ ಎಂದು ನೋಡಲೇಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಬಳಸಿದ ಕಾರ್ಡುಗಳೂ ದೊರೆಯುತ್ತವೆ. ಓಡಿಸಿ ನೋಡಿದ ಮೇಲೆಯೇ ಹಣ ಕೊಡುವುದು ಜಾಣತನ.

ಪ್ರೊಸೆಸರೇ ತೊಡಕಾಗಿದ್ದರೆ ಅದೇ ಮದರ್‌ಬೋರ್ಡಿಗೆ ಹೊಂದುವ ಹೊಸ ತಲೆಮಾರಿನದನ್ನು ಹುಡುಕಬೇಕು. 2017ರ ರೈಜೆನ್ 5 1600 ಇದಕ್ಕೆ ಒಳ್ಳೆಯ ನಿದರ್ಶನ. ಅದರ ಗರಿಷ್ಠ ವೇಗ 3.6 ಗಿಗಾಹರ್ಟ್ಸ್, ಓವರ್‌ಕ್ಲಾಕಿಂಗ್‌ನಿಂದ ಅದು 4ರ ಆಸುಪಾಸಿಗೆ ಬಂದರೆ ಹೆಚ್ಚು. 2022ರಲ್ಲಿ ಬಂದ ರೈಜೆನ್ 5 5600 ಅದೇ ಎಎಂ4 ಸಾಕೆಟ್ಟಿನಲ್ಲಿ ಕೂರುತ್ತದೆ. ಬಯೋಸ್ ನವೀಕರಿಸಿದರೆ ಅನೇಕ ಹಳೆಯ ಮದರ್‌ಬೋರ್ಡುಗಳು ಅದನ್ನು ಒಪ್ಪುತ್ತವೆ. ಅದರ ವೇಗ 4.4 ಗಿಗಾಹರ್ಟ್ಸ್‌ವರೆಗೆ ತಾನಾಗಿ ಏರುತ್ತದೆ. ಪ್ರತಿ ಮಿಡಿತದಲ್ಲಿ ನಡೆಯುವ ಕೆಲಸವೂ ಹೆಚ್ಚು. ಆದರೂ ಎರಡಕ್ಕೂ ತಯಾರಕರು ಗೊತ್ತುಪಡಿಸಿದ ಉಷ್ಣದ ಪ್ರಮಾಣ 65 ವ್ಯಾಟ್ ಮಾತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದಿರುವುದನ್ನೂ ಗಮನಿಸಬೇಕು. ಮೈಕ್ರೋಸಾಫ್ಟ್‌ನ ವಿಂಡೋಸ್ 11ರ ಪಟ್ಟಿಯಲ್ಲಿ ಮೊದಲನೆಯ ಪ್ರೊಸೆಸರಿಗೆ ಸ್ಥಾನವಿಲ್ಲ, ಎರಡನೆಯದಕ್ಕೆ ಉಂಟು. ವೇಗ ಹೆಚ್ಚಿಸಿದ ಮಾತ್ರಕ್ಕೆ ಈ ಕೊರತೆ ನೀಗದು.

ಹಾಗೆಂದು ಓವರ್‌ಕ್ಲಾಕಿಂಗನ್ನು ಪೂರ್ಣವಾಗಿ ತಳ್ಳಿಹಾಕಬೇಕಿಲ್ಲ. ಗುಣಕಕ್ಕೆ ಬೀಗವಿಲ್ಲದ ಪ್ರೊಸೆಸರ್ ಇದ್ದು, ಒಳ್ಳೆಯ ಕೂಲರ್ ಈಗಾಗಲೇ ಇದ್ದು, ತೊಡಕು ಪ್ರೊಸೆಸರಿನಲ್ಲೇ ಇರುವುದು ಖಚಿತವಾಗಿ, ಅಮೂಲ್ಯವಾದ ಕಡತಗಳನ್ನು ಬೇರೆಡೆ ನಕಲಿಸಿಟ್ಟಿದ್ದರೆ, ಅದನ್ನು ಹಂತಹಂತವಾಗಿ, ಪ್ರತಿ ಹಂತದಲ್ಲಿ ಉಷ್ಣತೆಯನ್ನು ಅಳೆಯುತ್ತ ಪ್ರಯೋಗಿಸಬಹುದು. ಆಸಕ್ತ ವಿದ್ಯಾರ್ಥಿಗೆ ಅದು ಭೌತಶಾಸ್ತ್ರದ ಪ್ರತ್ಯಕ್ಷ ಪಾಠವೂ ಆದೀತು. ಹೊಸ ಯಂತ್ರ ಕೊಳ್ಳುವ ಹಣ ಕೂಡುವವರೆಗೆ ಒಂದೆರಡು ವರ್ಷ ಕಾಲ ತಳ್ಳಲು ಅದು ನೆರವಾದರೆ ಅದೇ ಲಾಭ.

ಈ ವಿವೇಚನೆ ಆಟದ ಯಂತ್ರಕ್ಕಷ್ಟೇ ಮೀಸಲಾದುದಲ್ಲ. ಶಾಲೆಗಳ ಗಣಕ ಕೊಠಡಿಗೆ ನೆರವಾಗಬಯಸುವ ದಾನಿಗಳೂ ಹಳೆಯ ಯಂತ್ರಗಳನ್ನು ಒಮ್ಮೆಲೆ ಹೊರಹಾಕುವ ಮುನ್ನ ಅವುಗಳ ತೊಡಕನ್ನು ಪರೀಕ್ಷಿಸಿ ನೋಡುವಂತೆ ಅಧ್ಯಾಪಕರನ್ನು ಕೇಳಬಹುದು. ಒಂದು ಹೊಸ ಯಂತ್ರದ ಬೆಲೆಯಲ್ಲಿ ಹಲವು ಹಳೆಯ ಯಂತ್ರಗಳಿಗೆ ರ‍್ಯಾಮನ್ನೂ ಎಸ್‌ಎಸ್‌ಡಿಯನ್ನೂ ಒದಗಿಸಲು ಸಾಧ್ಯವಾದಲ್ಲಿ, ಅಷ್ಟು ಹೆಚ್ಚು ಮಕ್ಕಳ ಕೈಗೆ ಯಂತ್ರ ಸಿಗುತ್ತದೆ. ದಾಸೋಹದ ಪರಂಪರೆಯಲ್ಲಿ ನಡೆದುಬಂದ ಸಂಸ್ಥೆಗಳಲ್ಲಿ ಕೊಟ್ಟ ಹಣ ಎಷ್ಟು ಜನರಿಗೆ ಮುಟ್ಟಿತೆಂಬುದೇ ಲೆಕ್ಕಕ್ಕೆ ಬರುವ ಮಾತು.