ಹೊರಸಿನಿಂದ ಹೊಸ್ತಿಲಾಚೆಗೆ

ಬಾಗಲಕೋಟೆಯಲ್ಲಿ ‘ಪುನರ್ವಸತಿ’ ಎಂಬ ಪದಕ್ಕೆ ಯಾರೂ ಅರ್ಥ ಕೇಳುವುದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಓಣಿಗಳು ಮುಳುಗಡೆಯಾದದ್ದು, ಮನೆ ಬಿಟ್ಟವರಿಗಾಗಿ ನವನಗರದ ಸೆಕ್ಟರ್‌ಗಳು ಎದ್ದದ್ದು, ಪರಿಹಾರಕ್ಕಾಗಿ ಕಚೇರಿಗಳಿಗೆ ಅಲೆದದ್ದು ಎಲ್ಲವೂ ಆ ಒಂದೇ ಮಾತಿನಲ್ಲಿ ನೆನಪಾಗುತ್ತವೆ. ಹಕ್ಕುಪತ್ರ ಕೈಗೆ ಬಂದ ದಿನವೇ ಬದುಕು ಮೊದಲಿನಂತಾಗಲಿಲ್ಲ ಎಂಬುದೂ ಇಲ್ಲಿಯವರಿಗೆ ಗೊತ್ತು. ಸಂತೆ, ಶಾಲೆ, ಗುಡಿ, ನೆರೆಹೊರೆ ಎಲ್ಲವನ್ನೂ ಹೊಸದಾಗಿ ಕೂಡಿಸಿಕೊಳ್ಳಬೇಕಾಯಿತು.

ವೈದ್ಯಕೀಯದಲ್ಲೂ ಇದೇ ಪದವಿದೆ, ಪುನಶ್ಚೇತನ ಎಂದೂ ಅನ್ನುತ್ತಾರೆ. ಅಲ್ಲಿ ಮುಳುಗಡೆಯಾಗುವುದು ಊರಲ್ಲ, ಮನುಷ್ಯನ ದಿನಚರಿ.

ಇಳಕಲ್ಲಿನ ಕುಣಿಮಗ್ಗದ ನೇಕಾರರೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತೈದು, ಬಿ.ಪಿ. ಇದ್ದದ್ದು ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಬಲಗೈ, ಬಲಗಾಲು ಸೋತು ಮಾತು ತೊದಲಿತು. ಊರವರು ‘ಲಕವಾ ಹೊಡೀತು’ ಎಂದರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಒಂದು ವಾರಕ್ಕೆ ಬಿಡುಗಡೆಯಾಯಿತು. ಮನೆಗೆ ಬಂದವರನ್ನು ಪಡಸಾಲೆಯ ಹೊರಸಿನ ಮೇಲೆ ಮಲಗಿಸಿದರು. ಬಂದುಹೋಗುವವರೆಲ್ಲ ಪ್ರೀತಿಯಿಂದ ಹೇಳುವುದು ಒಂದೇ ಮಾತು: “ಏಳಬ್ಯಾಡ್ರಿ, ಆರಾಮ ಮಲ್ಕೋರಿ.” ಎರಡು ತಿಂಗಳಾಗುವಷ್ಟರಲ್ಲಿ ಭುಜ ಬಿಗಿದು ನೋಯುತ್ತದೆ, ಪಾದ ಸೆಟೆದು ನೆಲಕ್ಕೆ ಸರಿಯಾಗಿ ಊರುವುದಿಲ್ಲ, ಬಚ್ಚಲಿಗೆ ಹೋಗಲೂ ಇಬ್ಬರ ಆಸರೆ ಬೇಕಾಗುತ್ತದೆ. ಇದರಲ್ಲಿ ಲಕವಾದ ಪಾಲಿನ ಜೊತೆಗೆ ಹೊರಸಿನ ಪಾಲೂ ಇದೆ.

ಹಾಸಿಗೆಯ ಈ ಹಾನಿಯನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಲಾಯಿತು. ಶ್ರಮಪಡುವಾಗ ಅವರ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಅಚ್ಚರಿಯ ಸಂಗತಿ ಹೊರಬಿತ್ತು: ಮೂರು ದಶಕಗಳ ಮುಪ್ಪು ಕಸಿದುಕೊಂಡದ್ದಕ್ಕಿಂತ ಹೆಚ್ಚು ಕಸುವನ್ನು ಆ ಮೂರು ವಾರಗಳ ಹಾಸಿಗೆ ಕಸಿದಿತ್ತು. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಹತ್ತೇ ದಿನ ಮಲಗಿದ್ದಕ್ಕೆ ಕಾಲುಗಳ ಸ್ನಾಯುಭಾಗದಲ್ಲಿ ಸುಮಾರು ಒಂದು ಕಿಲೋ ಕಳೆದುಕೊಂಡರು. ಇವರ್‍ಯಾರಿಗೂ ಕಾಯಿಲೆ ಇರಲಿಲ್ಲ. ಕಾಯಿಲೆಯೂ ಸೇರಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಹಾಗೆಂದು ಲಕವಾ ಹೊಡೆದವರನ್ನು ಅಂದೇ ಎಬ್ಬಿಸಿ ನಡೆಸಬೇಕೆಂದಲ್ಲ. ‘ಅವರ್ಟ್’ ಎಂಬ ಅಂತಾರಾಷ್ಟ್ರೀಯ ಪ್ರಯೋಗ ಇದನ್ನೇ 2,104 ರೋಗಿಗಳಲ್ಲಿ ಪರೀಕ್ಷಿಸಿತು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮೊದಲ 24 ಗಂಟೆಗಳಲ್ಲೇ ಹೆಚ್ಚು ಹೆಚ್ಚು ಎಬ್ಬಿಸಿ ಓಡಾಡಿಸಿದವರಿಗಿಂತ ಸಾಮಾನ್ಯ ಆರೈಕೆ ಪಡೆದವರೇ ಮೂರು ತಿಂಗಳ ಹೊತ್ತಿಗೆ ತುಸು ಚೆನ್ನಾಗಿದ್ದರು. ಸೊಂಟದ ಬಳಿ ತೊಡೆಮೂಳೆ ಮುರಿದವರ ಲೆಕ್ಕವೇ ಬೇರೆ. ಶಸ್ತ್ರಚಿಕಿತ್ಸೆಯ ಮರುದಿನವೇ ಅವರನ್ನು ನಿಲ್ಲಿಸುವುದು ಇಂದಿನ ಪದ್ಧತಿ. ಯಾರನ್ನು ಯಾವಾಗ, ಎಷ್ಟು ಏಳಿಸಬೇಕು ಎಂಬುದಕ್ಕೆ ತಿಳಿದವರ ಲೆಕ್ಕಾಚಾರ ಬೇಕೇ ಬೇಕು.

ಲಕವಾ ಹೊಡೆದ ಮೇಲೆ ಮಿದುಳಿನ ಒಳಗೆ ನಡೆಯುವುದು ಇನ್ನೂ ಕುತೂಹಲಕರ. ಸತ್ತ ನರಕೋಶಗಳು ಮರಳಿ ಹುಟ್ಟುವುದು ತೀರ ವಿರಳ. ಆದರೆ ಅವುಗಳ ಸುತ್ತ ಉಳಿದ ಕೋಶಗಳು ಹೊಸ ಸಂಪರ್ಕ ಬೆಸೆದುಕೊಂಡು ಆ ಕೆಲಸವನ್ನು ವಹಿಸಿಕೊಳ್ಳಬಲ್ಲವು. ಅದಕ್ಕೆ ಮಿದುಳು ಕೇಳುವುದು ಪುನರಾವರ್ತನೆ. ಒಂದು ಸೀರೆ ಮುಗಿಯಲು ಲಾಳಿ ಸಾವಿರಾರು ಸಲ ಅತ್ತಿತ್ತ ಓಡಬೇಕೆಂದು ಬಲ್ಲ ಇಳಕಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳಿನ ಮರುಜೋಡಣೆ ಕಂಡದ್ದು ದಿನಕ್ಕೆ ನೂರಾರು ಬಾರಿ ಒಂದೇ ಚಲನೆ ಮಾಡಿಸಿದಾಗ. ಆದರೆ 2009ರಲ್ಲಿ ಅಮೆರಿಕದ ಸಂಶೋಧಕರು ಚಿಕಿತ್ಸಾ ಕೊಠಡಿಗಳಲ್ಲಿ ಕೂತು ಎಣಿಸಿದಾಗ, ಒಂದು ಸಲದ ಅಭ್ಯಾಸದಲ್ಲಿ ರೋಗಿಯ ಕೈ ಉಪಯುಕ್ತ ಚಲನೆ ಮಾಡಿದ್ದು ಸರಾಸರಿ 32 ಬಾರಿ ಮಾತ್ರ. ಸಮಯವೂ ಕಾಯುವುದಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದ ಅಧ್ಯಯನದಲ್ಲಿ ಶೇ 95ರಷ್ಟು ಲಕವಾ ರೋಗಿಗಳು ದಿನನಿತ್ಯದ ಕೆಲಸಗಳಲ್ಲಿ ತಮ್ಮ ಗರಿಷ್ಠ ಮಟ್ಟ ಮುಟ್ಟಿದ್ದು ಹನ್ನೆರಡೂವರೆ ವಾರಗಳ ಒಳಗೆ. ಆಮೇಲೂ ಸುಧಾರಣೆ ಸಾಧ್ಯ, ಅದರ ವೇಗ ಮಾತ್ರ ಕಡಿಮೆ.

ಅಲ್ಪಾವಧಿಯ ಪುನಶ್ಚೇತನ ಎಂಬ ವ್ಯವಸ್ಥೆ ಹುಟ್ಟಿದ್ದು ಈ ತಿಳಿವಳಿಕೆಯಿಂದ. ತುರ್ತು ಚಿಕಿತ್ಸೆ ಮುಗಿದ ಮೇಲೆ, ಮನೆಗೆ ಹೋಗುವ ಮೊದಲು, ರೋಗಿ ಕೆಲವು ವಾರ ತಂಡವೊಂದರ ಕೈಕೆಳಗೆ ಇರುತ್ತಾರೆ. ನಿಲ್ಲಲು, ನಡೆಯಲು ಕಲಿಸುವ ಫಿಜಿಯೋಥೆರಪಿಸ್ಟ್, ಗುಂಡಿ ಹಾಕುವುದರಿಂದ ಅಡುಗೆಯವರೆಗೆ ದಿನದ ಕೆಲಸ ಮರುಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮಾತಿನ ಜೊತೆಗೆ ನುಂಗುವುದನ್ನೂ ಪರೀಕ್ಷಿಸುವ ವಾಕ್‌ ಚಿಕಿತ್ಸಕರು, ದಾದಿ, ವೈದ್ಯರು, ಮನೆಯವರು ಕೂಡಿ ಒಂದು ಗುರಿ ಗೊತ್ತುಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಹಿರಿಯರಿಗಾಗಿ ರೂಪಿಸಿದ 2001ರ ಆರೋಗ್ಯ ನೀತಿ ಇಂಥ ನಡುವಣ ಆರೈಕೆಗೆ ಸ್ಪಷ್ಟ ರೂಪ ಕೊಟ್ಟಿತು. ಅಲ್ಲಿ ಸಾಮಾನ್ಯವಾಗಿ ಇದರ ಅವಧಿ ಆರು ವಾರ.

ಭಾರತದಲ್ಲಿ ಈ ಹಾದಿ ಹಾಕಿದವರು ಸ್ವತಃ ಗಾಲಿಕುರ್ಚಿಯಲ್ಲಿದ್ದ ವೈದ್ಯೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್ ಅವರಿಗೆ 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅವರು ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ನ್ಯೂಯಾರ್ಕಿನಲ್ಲಿ ಪುನಶ್ಚೇತನ ವೈದ್ಯ ಹೊವರ್ಡ್ ರಸ್ಕ್ ಅವರ ಬಳಿ ತರಬೇತಿ ಪಡೆದು ಬಂದರು. ರೋಗಿಗಳನ್ನು ಒಳಗಿರಿಸಿಕೊಂಡು ಪುನಶ್ಚೇತನ ನೀಡುವ ದೇಶದ ಮೊದಲ ಸಂಸ್ಥೆ 1966ರಲ್ಲಿ ವೆಲ್ಲೂರಿನಲ್ಲಿ ಶುರುವಾಯಿತು.

ತಂಡ ಗೊತ್ತುಮಾಡಿದ ಗುರಿಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 1965ರ ಬಾರ್ಥೆಲ್ ಸೂಚಿ. ಉಣ್ಣುವುದು, ಸ್ನಾನ, ಬಟ್ಟೆ ತೊಡುವುದು, ಶೌಚ, ನಡಿಗೆ, ಮೆಟ್ಟಿಲು ಹೀಗೆ ಹತ್ತು ಕೆಲಸ, ಒಟ್ಟು 100 ಅಂಕ. ಆದರೆ ನಮ್ಮ ನೆಲದ ಬದುಕು ಈ ಪಟ್ಟಿಯಲ್ಲಿ ಪೂರ್ತಿ ಹಿಡಿಸುವುದಿಲ್ಲ. ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಏಳುವುದಕ್ಕೆ ಅದರಲ್ಲಿ ಪ್ರತ್ಯೇಕ ಅಂಕವಿಲ್ಲ, ಕುಕ್ಕರಗಾಲಿನಲ್ಲಿ ಕೂರುವುದಕ್ಕೂ ಇಲ್ಲ. ಬಾಗಲಕೋಟೆಯ ಗೃಹಿಣಿಗೆ ಎರಡೂ ಕೈ ಕೂಡಿಸಿ ಜೋಳದ ರೊಟ್ಟಿ ಬಡಿಯಬೇಕು. ಹುನಗುಂದದ ರೈತನಿಗೆ ಹರಗಿದ ಎರೆಹೊಲದಲ್ಲಿ ಎಡವದೆ ನಡೆಯಬೇಕು. ಬಾದಾಮಿಯಲ್ಲಿ ಪ್ರವಾಸಿಗರಿಗೆ ದಾರಿ ತೋರಿಸಿ ಬದುಕುವವರಿಗೆ ಮೇಣಬಸದಿಯ ಮೆಟ್ಟಿಲೇ ಅನ್ನ. ಇಳಕಲ್ಲಿನ ನೇಕಾರರು ಕುಣಿಗೆ ಕಾಲು ಇಳಿಬಿಟ್ಟು ತುಳಿಯಬೇಕು, ಕೈಯಲ್ಲಿ ಲಾಳಿ ಹಿಡಿತ ತಪ್ಪಬಾರದು. ಒಳ್ಳೆಯ ಪುನಶ್ಚೇತನ ಇಂಥ ಗುರಿಗಳಿಂದಲೇ ಆರಂಭವಾಗುತ್ತದೆ. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಸಿದರೆ ಅದು ಅರ್ಧ ಕೆಲಸ.

ಮನೆಯವರಿಗೇ ತರಬೇತಿ ಕೊಟ್ಟರೆ ಸಾಲದೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ಭಾರತದಲ್ಲೇ ನಡೆಯಿತು. ‘ಅಟೆಂಡ್’ ಹೆಸರಿನ ಆ ಅಧ್ಯಯನದಲ್ಲಿ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳಿದ್ದರು. ಅರ್ಧದಷ್ಟು ಜನರ ಕುಟುಂಬದ ಒಬ್ಬರಿಗೆ ವ್ಯಾಯಾಮ, ಆರೈಕೆ ಕಲಿಸಿಕೊಡಲಾಯಿತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಎರಡೂ ಗುಂಪಿನಲ್ಲಿ ಶೇ 47. ಮನೆಯವರ ಪ್ರೀತಿ ವ್ಯರ್ಥ ಎಂದು ಇದರ ಅರ್ಥವಲ್ಲ. ತಂಡದ ಕೆಲಸವನ್ನು ಮಗಳು, ಸೊಸೆಯರ ಹೆಗಲಿಗೆ ದಾಟಿಸಿದರೆ ಅದು ಸಾಗುವುದಿಲ್ಲ ಎಂದು ಅರ್ಥ. ಇನ್ನೊಂದೆಡೆ, ಪಾರ್ಶ್ವವಾಯು ರೋಗಿಗಳಿಗೆ ಸಂಘಟಿತ ತಂಡವಿರುವ ವಾರ್ಡಿನಲ್ಲಿ ಆರೈಕೆ ಸಿಕ್ಕರೆ ಸಾವೂ ಪರಾವಲಂಬನೆಯೂ ತಗ್ಗುತ್ತವೆ ಎಂಬುದು ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಖಚಿತವಾಗಿದೆ.

ಅಂಥ ತಂಡ ಎಷ್ಟು ಹತ್ತಿರದಲ್ಲಿರಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಆದರೆ ಇಳಕಲ್ಲಿನಿಂದ ನೂರಾರು ಕಿಲೋಮೀಟರ್ ದೂರ ಹೋಗಿ ವಾರಗಟ್ಟಲೆ ಉಳಿಯುವುದು ದಿನದ ಕೂಲಿ ನಂಬಿದ ಮನೆಗೆ ಆಗದ ಮಾತು. ಬಾಗಲಕೋಟೆಯಲ್ಲಿ ಜಿಲ್ಲಾಸ್ಪತ್ರೆಯಿದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದರ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದೆ. ಹಿರಿಯರ ಆರೋಗ್ಯಕ್ಕಾಗಿ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾಸ್ಪತ್ರೆಗಳಲ್ಲಿ ಹತ್ತು ಹಾಸಿಗೆಯ ವಾರ್ಡಿಗೆ ಅವಕಾಶ ಕೊಟ್ಟಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಕೊಂಡಿಗಳು ಇವೆ, ಅವನ್ನು ಕೂಡಿಸಬೇಕು. ಬಾದಾಮಿ, ಹುನಗುಂದ, ಇಳಕಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕಾರು ಹಾಸಿಗೆಗಳನ್ನು ಪುನಶ್ಚೇತನಕ್ಕೆಂದು ಮೀಸಲಿಟ್ಟು, ಒಬ್ಬ ಫಿಜಿಯೋಥೆರಪಿಸ್ಟ್ ಮತ್ತು ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಅನ್ನು ಕಾಯಂ ಕೂರಿಸಿದರೆ, ಬಿಡುಗಡೆಯಾದವರ ಹೆಸರು ಅವರ ಊರಿನ ಕಾರ್ಯಕರ್ತರಿಗೆ ತಲುಪಿದರೆ, ಆರು ವಾರಗಳ ಸರಪಳಿ ಸಿದ್ಧವಾಗುತ್ತದೆ. ಇದಕ್ಕೆ ಕೋಟಿ ಬೆಲೆಯ ಯಂತ್ರ ಬೇಕಿಲ್ಲ. ಎರಡು ಸಾಲು ಕಂಬಿ, ನಾಲ್ಕು ಮೆಟ್ಟಿಲು, ಒಂದು ಚಾಪೆ, ಬೇಕಾದರೆ ಒಂದು ರೊಟ್ಟಿಯ ಕೊಣಮಿಗೆ ಸಾಕು.

ಅಲ್ಲಿಯವರೆಗೆ ಮನೆಯವರು ನೆನಪಿಡಬೇಕಾದ ಸಂಗತಿಗಳು ಕೆಲವಿವೆ. ಲಕವಾ ಹೊಡೆದವರಿಗೆ ನುಂಗುವ ಪರೀಕ್ಷೆ ಆಗುವವರೆಗೆ ನೀರು, ಚಹಾ ಕುಡಿಸಬಾರದು. ಅದು ಶ್ವಾಸನಾಳಕ್ಕಿಳಿದರೆ ನ್ಯುಮೋನಿಯಾ ಆದೀತು. ಸೋತ ಕೈ ಹಿಡಿದು ಜಗ್ಗಿ ಎಬ್ಬಿಸಬಾರದು, ಭುಜದ ಕೀಲು ಸರಿದೀತು. ಹೊರಳಲಾಗದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು ಬೀಳುತ್ತದೆ.

ಇನ್ನು ಬಿಡುಗಡೆಯ ಚೀಟಿ ಕೈಗೆ ಬಂದಾಗ ಮಾತ್ರೆಗಳ ಪಟ್ಟಿಯನ್ನಷ್ಟೇ ನೋಡಿ ಎದ್ದು ಬರಬೇಡಿ. ಇವರು ಯಾವಾಗ ನಿಲ್ಲಬೇಕು, ದಿನಕ್ಕೆ ಯಾವ ಅಭ್ಯಾಸ ಎಷ್ಟು ಸಲ ಮಾಡಬೇಕು, ಅದನ್ನು ಕಲಿಸಿ ಮುಂದಿನ ಆರು ವಾರ ನೋಡಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಿಗೆ ಕೇಳಿ. ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿ.