ಅಭಿಪ್ರಾಯ ಸಮೀಕ್ಷೆ, ಆರ್ಥಿಕ ನಿರ್ಧಾರ ಮತ್ತು ಪ್ರಶ್ನೆಯ ಭಾಷೆ

ಅರ್ಥಶಾಸ್ತ್ರವು ಅಂಕೆಗಳ ಶಾಸ್ತ್ರ, ಭಾಷಾಧ್ಯಯನವು ಪದಗಳ ಶಾಸ್ತ್ರ ಎಂಬ ವಿಭಜನೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ರೂಢಮೂಲವಾಗಿದೆ. ಇವೆರಡೂ ಸಂಧಿಸುವ ಕ್ಷೇತ್ರಗಳಲ್ಲಿ ಅಭಿಪ್ರಾಯ ಸಮೀಕ್ಷೆಯೂ ಒಂದು. ಜನರ ಮನದಲ್ಲಿರುವುದನ್ನು ಪ್ರಶ್ನೆಯ ಮೂಲಕ ಅರಿತು, ಉತ್ತರಗಳನ್ನು ಅಂಕೆಗಳಾಗಿಸಿ, ಅವುಗಳ ಆಧಾರದ ಮೇಲೆ ಉದ್ಯಮಗಳೂ ಸರ್ಕಾರಗಳೂ ನಿರ್ಧಾರ ಕೈಗೊಳ್ಳುತ್ತವೆ.

ಈ ವಿಧಾನಕ್ಕೆ ಶಾಸ್ತ್ರೀಯ ತಳಹದಿ ಒದಗಿಸಿದವರಲ್ಲಿ ಜಾರ್ಜ್ ಕಟೋನಾ ಪ್ರಮುಖರು. 1946ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಗ್ರಾಹಕರ ಸಮೀಕ್ಷೆಯನ್ನು ಆರಂಭಿಸಿದ ಅವರು, ಜನರ ವೆಚ್ಚವು ಕೊಳ್ಳುವ ಶಕ್ತಿಯನ್ನಷ್ಟೇ ಅಲ್ಲ, ಕೊಳ್ಳುವ ಮನಸ್ಸನ್ನೂ ಅವಲಂಬಿಸಿದೆ ಎಂದು ಪ್ರತಿಪಾದಿಸಿದರು.

ಆದರೆ ಮನಸ್ಸನ್ನು ಅಳೆಯುವುದು ಸುಲಭವಲ್ಲ. 1985ರಲ್ಲಿ ಕೋಕಾ-ಕೋಲಾ ಕಂಪನಿ ಸುಮಾರು 2 ಲಕ್ಷ ರುಚಿ ಪರೀಕ್ಷೆಗಳನ್ನು ನಡೆಸಿ, ಹೊಸ ಪಾಕದ ಪಾನೀಯವನ್ನು ಮಾರುಕಟ್ಟೆಗೆ ತಂದಿತು. ಜನರ ಪ್ರತಿಭಟನೆಗೆ ಮಣಿದು 79 ದಿನಗಳಲ್ಲೇ ಹಳೆಯದನ್ನು ಮರಳಿ ತರಬೇಕಾಯಿತು. ಯಾವುದು ರುಚಿ ಎಂಬ ಪ್ರಶ್ನೆಗೆ ದೊರೆತ ಉತ್ತರವು, ಹಳೆಯದನ್ನು ಬಿಡಲು ಸಿದ್ಧರೇ ಎಂಬ ಬೇರೊಂದು ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ನಮ್ಮ ದೇಶದಲ್ಲಿ ಮುಂಬಯಿಯ ಭಾರತೀಯ ರಿಸರ್ವ್ ಬ್ಯಾಂಕ್ 2005ರಿಂದ ಕುಟುಂಬಗಳ ಬೆಲೆಯೇರಿಕೆ ನಿರೀಕ್ಷೆಯ ಸಮೀಕ್ಷೆಯನ್ನು ನಡೆಸುತ್ತಿದೆ. ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರು ಮೊದಲಾದ ನಗರಗಳ ಕುಟುಂಬಗಳು ಮುಂದಿನ 3 ತಿಂಗಳು ಹಾಗೂ 1 ವರ್ಷದ ಬೆಲೆಗಳ ಬಗ್ಗೆ ಅಭಿಪ್ರಾಯ ನೀಡುತ್ತವೆ. ಬೆಲೆ ಏರುವುದೆಂದು ಜನ ನಂಬಿದರೆ ಇಂದೇ ಕೊಳ್ಳಲು ಮುಂದಾಗುತ್ತಾರೆ. ಕಾರ್ಮಿಕರು ಹೆಚ್ಚು ಕೂಲಿ ಕೇಳುತ್ತಾರೆ. ವರ್ತಕರು ಮುಂಚಿತವಾಗಿಯೇ ದರ ಏರಿಸುತ್ತಾರೆ. ಹೀಗೆ ನಂಬಿಕೆಯೇ ಬೆಲೆಯೇರಿಕೆಗೆ ಕಾರಣವಾಗುತ್ತದೆ. ಆದ್ದರಿಂದಲೇ 2016ರಲ್ಲಿ ರಚಿತವಾದ 6 ಸದಸ್ಯರ ಹಣಕಾಸು ನೀತಿ ಸಮಿತಿಯು ಬಡ್ಡಿದರವನ್ನು ನಿರ್ಧರಿಸುವಾಗ ಇಂತಹ ಸಮೀಕ್ಷೆಗಳನ್ನೂ ಪರಿಶೀಲಿಸುತ್ತದೆ. ಗೃಹಸಾಲದ ಕಂತಿನ ಮೇಲೂ ಇದರ ಪರಿಣಾಮವಿದೆ.

ಇಲ್ಲಿಯೇ ಭಾಷೆಯ ಪ್ರಶ್ನೆ ಉದ್ಭವಿಸುತ್ತದೆ. ಬೆಲೆಗಳು ಈಗಿನ ವೇಗಕ್ಕಿಂತ ಹೆಚ್ಚಾಗಿ ಏರುವುವೇ, ಅದೇ ವೇಗದಲ್ಲೇ, ಕಡಿಮೆ ವೇಗದಲ್ಲೇ, ಇದ್ದಂತೆಯೇ ಇರುವುವೇ, ಇಳಿಯುವುವೇ ಎಂಬ ಐದು ಆಯ್ಕೆಗಳು ಉತ್ತರಿಸುವವರ ಮುಂದಿರುತ್ತವೆ. 100 ರೂಪಾಯಿಯ ಸರಕು 110ಕ್ಕೆ, ಮರುವರ್ಷ 116ಕ್ಕೆ ಏರಿದರೆ ಏರಿಕೆಯ ವೇಗ ತಗ್ಗಿದೆ, ಬೆಲೆ ಇಳಿದಿಲ್ಲ. ‘ಬೆಲೆಯೇರಿಕೆ ಕಡಿಮೆಯಾಗುವುದೇ?’ ಎಂದು ಅವಸರದಲ್ಲಿ ಕೇಳಿದರೆ ‘ಬೆಲೆ ಕಡಿಮೆಯಾಗುವುದೇ?’ ಎಂದೇ ಗ್ರಹಿಸುವ ಸಂಭವವಿದೆ. ‘ನಿರೀಕ್ಷೆ’ ಎಂಬ ಪದಕ್ಕೆ ಕನ್ನಡದಲ್ಲಿ ಹಂಬಲದ ಛಾಯೆಯೂ ಉಂಟು. ಬೆಲೆಯೇರಿಕೆಯನ್ನು ಯಾರು ತಾನೆ ಹಂಬಲಿಸಿಯಾರು? ‘ಏರಬಹುದೆಂದು ಅನ್ನಿಸುತ್ತದೆಯೇ?’ ಎಂಬುದು ಹೆಚ್ಚು ನಿಖರ. ಇನ್ನು ನಮ್ಮ ‘ಪರವಾಗಿಲ್ಲ’ ಎಂಬ ಉತ್ತರವನ್ನು ‘ಸುಧಾರಿಸಿದೆ’ ಎಂಬಲ್ಲಿ ಸೇರಿಸಬೇಕೇ, ‘ಹಾಗೆಯೇ ಇದೆ’ ಎಂಬಲ್ಲಿಯೇ?

ಹೊರನಾಡ ಕನ್ನಡಿಗರಿಗೆ ಈ ಸಮಸ್ಯೆ ಇನ್ನಷ್ಟು ಸಂಕೀರ್ಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿಯಾಡುವ ಕುಟುಂಬ ಯಾವ ಭಾಷೆಯಲ್ಲಿ ತನ್ನ ಆತಂಕವನ್ನು ನಿಜವಾಗಿ ಹೇಳೀತು? ಉತ್ತರಗಳನ್ನು ಎಣಿಸುವ ಕೆಲಸ ಸಂಖ್ಯಾಶಾಸ್ತ್ರಜ್ಞರದು. ಎಣಿಸಲಾದದ್ದು ಜನರ ಮಾತೇ ಹೌದೇ ಎಂದು ಪರೀಕ್ಷಿಸುವ ಕೆಲಸ ಭಾಷಾಧ್ಯಯನದ್ದು. ನಮ್ಮ ಸಂಶೋಧನ ವಿದ್ಯಾರ್ಥಿಗಳು ಈ ದಿಕ್ಕಿನಲ್ಲಿ ತೊಡಗುವುದು ಅಪೇಕ್ಷಣೀಯ.