ಪರವಾನಿಗೆಯ ಕಾಗದವೂ ಮೆಟ್ಟಿಲ ದಾರಿಯೂ

2025ರ ಮೇ 18ರ ನಸುಕಿನಲ್ಲಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನ ಟವೆಲ್ ಕಾರಖಾನೆಯೊಂದಕ್ಕೆ ಬೆಂಕಿ ತಗುಲಿ ಎಂಟು ಜನರು ಅಸುನೀಗಿದರು. ಸತ್ತವರಲ್ಲಿ ಮಾಲೀಕರೂ ಅವರ ಮನೆಯವರೂ ಇದ್ದರು. ಅಲ್ಲಿಯೇ ವಾಸವಾಗಿದ್ದ ಕಾರ್ಮಿಕರೂ ಇದ್ದರು. ದುಡಿಮೆಯ ಸ್ಥಳದಲ್ಲಿಯೇ ವಾಸ ಎಂಬುದು ನಮ್ಮ ಸೀಮೆಗೆ ಹೊಸತಲ್ಲ. ಅಕ್ಕಲಕೋಟ, ಜತ್ತದ ಪೇಟೆಗಳಲ್ಲಿಯೂ ಕೆಳಗೆ ಅಂಗಡಿ, ನಡುವೆ ಗೋದಾಮು, ಮೇಲೆ ಸಂಸಾರ ಇರುವ ಕಟ್ಟಡಗಳನ್ನು ನಾವು ನಿತ್ಯವೂ ಕಾಣುತ್ತೇವೆ. ಆದುದರಿಂದ, ಬಾಡಿಗೆಗೆಂದೋ ವ್ಯಾಪಾರಕ್ಕೆಂದೋ ಕಟ್ಟಡ ಕಟ್ಟಿಸಿದವರ ಹೊಣೆ ಏನೆಂಬುದನ್ನು ಮನೆಮಂದಿಯೆಲ್ಲರೂ ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಕಟ್ಟಲು ತೊಡಗುವ ಮೊದಲು ಪಡೆಯುವ ಪತ್ರಕ್ಕೆ ಇಲ್ಲಿಯ ರೂಢಿಯ ಮಾತಿನಲ್ಲಿ ಬಾಂಧಕಾಮ ಪರವಾನಾ ಎನ್ನುತ್ತಾರೆ. ಇದಕ್ಕೆ ಆಧಾರ 1966ರ ಮಹಾರಾಷ್ಟ್ರ ಪ್ರಾದೇಶಿಕ ಹಾಗೂ ನಗರ ಯೋಜನಾ ಅಧಿನಿಯಮ. ಪರವಾನಿಗೆಯ ಆಯುಷ್ಯ ಒಂದು ವರ್ಷ. ವರ್ಷಕ್ಕೊಮ್ಮೆಯಂತೆ ಹೆಚ್ಚೆಂದರೆ ಇನ್ನೂ ಮೂರು ವರ್ಷ ವಿಸ್ತರಿಸಿಕೊಳ್ಳಬಹುದು. ಕಟ್ಟಡ ಮುಗಿದ ಮೇಲೆ ಭೋಗವಟಾ ಪ್ರಮಾಣಪತ್ರ ಕೈಸೇರದೆ ಅದನ್ನು ಬಳಸತಕ್ಕದ್ದಲ್ಲ. ಇಷ್ಟನ್ನು ಬಹುಮಂದಿ ಬಲ್ಲರು. ವಾಸಕ್ಕೆಂದು ಮಂಜೂರಾದ ಮನೆಯಲ್ಲಿ ಗೋದಾಮು ಇಟ್ಟರೆ, ಗೋದಾಮಿನಲ್ಲಿ ಮಗ್ಗ ಹೂಡಿದರೆ, ಉಪಯೋಗ ಬದಲಾಯಿತೆಂದು ಮತ್ತೆ ಅನುಮತಿ ಬೇಡಬೇಕಾಗುತ್ತದೆ ಎಂಬುದನ್ನು ಮಾತ್ರ ಬಲ್ಲವರು ವಿರಳ. ನಕ್ಷೆಯಲ್ಲಿಲ್ಲದ ತಗಡಿನ ಮಾಳಿಗೆಯೊಂದು ಹಬ್ಬದ ವ್ಯಾಪಾರದ ನೆಪದಲ್ಲಿ ಏಳುತ್ತದೆ, ಹಬ್ಬ ಕಳೆದರೂ ಇಳಿಯುವುದಿಲ್ಲ!

ಇನ್ನು ಬೆಂಕಿಯ ವಿಷಯ. ಮಹಾರಾಷ್ಟ್ರದ ಅಗ್ನಿ ನಿವಾರಣೆ ಮತ್ತು ಜೀವಸುರಕ್ಷಾ ಉಪಾಯಗಳ ಕಾನೂನು 2006ನೆಯ ಇಸವಿಯದು. ಕಟ್ಟಿಸಿದವನು, ಒಡೆಯನು, ಉಪಯೋಗಿಸುವವನು ಈ ಮೂವರನ್ನೂ ಅದು ಒಟ್ಟಿಗೆ ಹೆಸರಿಸಿ ಹೊಣೆ ಹೊರಿಸಿದೆ. ಅಗ್ನಿಶಾಮಕ ದಳದವರಿಂದ ಒಮ್ಮೆ ‘ನಾ ಹರಕತ್’ ಪತ್ರ ತಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟರೆ ಹೊಣೆ ಮುಗಿಯದು. ಉಪಕರಣಗಳೆಲ್ಲ ಸುಸ್ಥಿತಿಯಲ್ಲಿವೆಯೆಂದು ಪರವಾನಿಗೆ ಪಡೆದ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ, ‘ಬ’ ನಮೂನೆಯ ಪ್ರಮಾಣಪತ್ರವನ್ನು ಪ್ರತಿವರ್ಷ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಸಲ್ಲಿಸಬೇಕು. ಸಿದ್ಧರಾಮನ ಜಾತ್ರೆಯ ತಿಂಗಳಿನಲ್ಲಿ ಒಂದು, ಪಂಢರಪುರದ ಆಷಾಢ ವಾರಿಯ ಆಸುಪಾಸಿನಲ್ಲಿ ಇನ್ನೊಂದು ಎಂದರೆ ಮರೆಯುವ ಸಂಭವ ಕಡಿಮೆ. ಪರೀಕ್ಷೆಗೆ ಬಂದವರು ಬಾಗಿಲಲ್ಲೇ ನಿಂತು ಸಹಿ ಹಾಕಿ ಹೊರಟರೆ ಅದು ಪರೀಕ್ಷೆಯಲ್ಲ. ಕೆಂಪು ಸಿಲಿಂಡರಿನ ಒತ್ತಡದ ಮುಳ್ಳು ಹಸಿರು ಭಾಗದಲ್ಲಿದೆಯೇ, ಕೊಳವೆಯಲ್ಲಿ ನೀರು ಬರುತ್ತದೆಯೇ, ಪಂಪು ತಿರುಗುತ್ತದೆಯೇ ಎಂದು ಒಡೆಯರು ಎದುರಿಗೆ ನಿಂತು ನೋಡಬೇಕು.

“ನಾನು ಬಾಡಿಗೆ ಎಣಿಸಿಕೊಳ್ಳುವವನು, ಒಳಗಿನ ಸಂಗತಿ ನನಗೇಕೆ?” ಎಂಬ ಮಾತನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಬಾಡಿಗೆದಾರರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಕಟ್ಟಡ ನಮ್ಮದಲ್ಲವಲ್ಲ!” ಈ ಇಬ್ಬರ ನಡುವೆ ಮೆಟ್ಟಿಲು ಅನಾಥವಾಗುತ್ತದೆ. ಮೊದಲು ಎರಡು ಗಂಟು ಚಾದರ, ಬಳಿಕ ಖಾಲಿ ಪೆಟ್ಟಿಗೆ, ಆಮೇಲೆ ಒಂದು ಮೋಟಾರು ಸೈಕಲ್ಲು, ಹೀಗೆ ಅದು ತುಂಬುತ್ತ ಹೋಗುತ್ತದೆ. ಕಳ್ಳರ ಭಯದಿಂದ ಮಾಳಿಗೆಯ ಬಾಗಿಲಿಗೆ ಬೀಗ, ಕಿಟಕಿಗೆ ಕಬ್ಬಿಣದ ಜಾಳಿಗೆ, ಹಿಂಬದಿಯ ಷಟರಿನ ಕೀಲಿಕೈ ಮನೆಗೆ ಹೋದ ಮುನೀಮನ ಜೇಬಿನಲ್ಲಿ. ಕಳ್ಳನು ಒಳಬಾರದಂತೆ ಮಾಡಿದ ಏರ್ಪಾಡು ಒಳಗಿರುವವರು ಹೊರಬಾರದಂತೆಯೂ ಆಗುತ್ತದೆ.

ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಮಡಿದರು. ಅಲ್ಲಿಯ ಬಾಲ್ಕನಿಯಲ್ಲಿ ಹೆಚ್ಚಿನ ಆಸನಗಳನ್ನು ಹಾಕಿ ಓಡಾಡುವ ದಾರಿಯೊಂದನ್ನು ಮುಚ್ಚಲಾಗಿತ್ತು. ಮಾಲೀಕರನ್ನು ಅಪರಾಧಿಗಳೆಂದು ಸಾರಿದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಎತ್ತಿಹಿಡಿಯಿತು. ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತಾಳಲಾರದೆ ಜನರು ಕಿಟಕಿಯಿಂದ ಹಾರಿದರು. ಒಂಬತ್ತು ಮಂದಿ ಉಳಿಯಲಿಲ್ಲ. ಇಂತಹ ದುರಂತಗಳಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ನಿರ್ಗಮನದ ಬಾಗಿಲು ಹೊರಮುಖವಾಗಿ ತೆರೆಯಬೇಕೆಂದು ಹೇಳುವುದು ಇದಕ್ಕಾಗಿಯೇ. ಗಾಬರಿಗೊಂಡ ಗುಂಪು ಬಾಗಿಲನ್ನು ತನ್ನೆಡೆಗೆ ಎಳೆಯಲಾರದು, ತಳ್ಳಬಲ್ಲದು.

ಕಾಸರಗೋಡಿನ ವಾಚಕರಿಗೆ 2019ರ ಕೇರಳ ಪಂಚಾಯತಿ ಹಾಗೂ ನಗರಸಭಾ ಕಟ್ಟಡ ನಿಯಮಗಳು, ಹೊಸೂರು ತಾಳವಾಡಿಯವರಿಗೆ ಅದೇ ವರ್ಷದ ತಮಿಳುನಾಡು ನಿಯಮಗಳು ಅನ್ವಯಿಸುತ್ತವೆ. ವಿವರಗಳನ್ನು ಅಲ್ಲಲ್ಲಿಯ ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳಬೇಕು.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. ನೋಟೀಸು ಮರಾಠಿಯಲ್ಲಿ ಬರುತ್ತದೆ. ಮನೆಯ ಹಿರಿಯರು ಕನ್ನಡ ಶಾಲೆಯಲ್ಲಿ ಕಲಿತವರು. ಮಗ ಊರಿನಿಂದ ಬರಲಿ ಎಂದು ಅದನ್ನು ದೇವರ ಗೂಡಿನಲ್ಲಿ ಇಡುತ್ತಾರೆ. ನೋಟೀಸಿನಲ್ಲಿ ಹೇಳಿದ ಅವಧಿಯು ಮಗನಿಗಾಗಿ ಕಾಯುವುದಿಲ್ಲ. ಅವಧಿ ಮೀರಿದರೆ ವಿದ್ಯುತ್ತು, ನೀರು ಕಡಿಯುವ, ಕಟ್ಟಡಕ್ಕೆ ಮೊಹರು ಹಾಕುವ ಅಧಿಕಾರ ಆ ಕಾನೂನಿನಲ್ಲಿದೆ. ಬಂದ ದಿನವೇ ಬಲ್ಲವರಿಂದ ಓದಿಸಿ, ಉತ್ತರವನ್ನು ಬರಹದಲ್ಲಿಯೇ ಕೊಟ್ಟು, ಪೋಚ್ ಪಡೆದು ಕಟ್ಟಡದ ನಕ್ಷೆಯ ಜೊತೆಯಲ್ಲಿ ಇಡತಕ್ಕದ್ದು. ಬಾಡಿಗೆಯ ಕರಾರು ಬರೆಯಿಸುವಾಗ ಮೆಟ್ಟಿಲಿನಲ್ಲಿ ಸರಕು ಇಡಕೂಡದೆಂದೂ, ಆರು ತಿಂಗಳ ಪರೀಕ್ಷೆಯ ಖರ್ಚು ಯಾರದೆಂದೂ ಎರಡು ಸಾಲು ಸೇರಿಸಲು ವಕೀಲರಿಗೆ ಹೇಳಿದರೆ ಸಾಕು.